ಇಲ್ಲದ ಚೆಂಡು ಬಿದ್ದ ಜಾಗ

ಲೆಕ್ಕ ಹಾಕಿ ಮಾಡಿದ ಕೆಲಸ ಯಾವುದೂ ನನ್ನ ಕೈಯಲ್ಲಿ ಇದುವರೆಗೆ ನೆಟ್ಟಗಾಗಿಲ್ಲ. ಅಳತೆ ತಗೊಂಡು ಮೊಳೆ ಹೊಡೆದರೆ ಕ್ಯಾಲೆಂಡರ್ ಓರೆ. ಟೈಮು ನೋಡಿಕೊಂಡು ಹೊರಟರೆ ಬಸ್ಸು ಆಗಲೇ ಹೋಗಿರುತ್ತದೆ. ಲೆಕ್ಕ ಹಾಕದೆ ಮಾಡಿದ್ದು ಮದುವೆ ಒಂದೇ, ಅದೊಂದು ಸರಿಯಾಯ್ತು ಅಂತ ಯಾರ ಮುಂದಾದರೂ ಅಂದರೆ, "ಅದನ್ನ ಹೇಳಬೇಕಾದೋಳು ನಾನು" ಅಂತ ಒಳಗಿನಿಂದ ಹೆಂಡತಿಯ ದನಿ ಬರುತ್ತದೆ. ಇಷ್ಟಾದರೂ ನನ್ನ ಹೊಟ್ಟೆಪಾಡು ಲೆಕ್ಕವೇ. ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಫಿಸಿಕ್ಸ್ ಹೇಳುತ್ತಿದ್ದೇನೆ.

ಇಂಥ ಎಡವಟ್ಟುಗಳು ನನಗೆ ಹೊಸವಲ್ಲ. ಆದರೆ ಈ ವರ್ಷ ನಾಗರ ಪಂಚಮಿಗೆ ಮುಂಚಿನ ಒಂದೂವರೆ ತಿಂಗಳಿದೆಯಲ್ಲ, ಅದು ಬೇರೆಯೇ. ಒಂದು ಸ್ಟೀಲ್ ಡಬ್ಬಿ ಹಬ್ಬದೊಳಗೆ ಮನೆಗೆ ವಾಪಸ್ ಬರದಿದ್ದರೆ ನನ್ನ ಗತಿ ಏನು ಅಂತ ಯೋಚಿಸಿ ಯೋಚಿಸಿ ಎರಡು ಕೆಜಿ ಇಳಿದೆ.

ಮಂಡಕ್ಕಿ ಭಟ್ಟಿಯಲ್ಲಿ ಪಾಠ

ಶುರುವಾದದ್ದು ಮಂಡಕ್ಕಿಯಿಂದ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಈಗ ಮಂಡಕ್ಕಿ ಭಟ್ಟಿ ನಡೆಸುತ್ತಾನೆ. ಮಂಡಕ್ಕಿ ತರೋಕೆ ಹೋದಾಗ ಸ್ಟೂಲು ಹಾಕಿ ಕೂರಿಸಿ, ಚಾ ತರಿಸಿ, ಬಹಳ ಮರ್ಯಾದೆ ಮಾಡಿದ. ಆಮೇಲೆ ಕೇಳಿದ:

"ಸರ್, ನೀವು ಪ್ರೊಜೆಕ್ಟೈಲು ಅಂತ ಒಂದು ಪಾಠ ಮಾಡ್ತಿದ್ರಲ್ಲ, ಚೆಂಡು ಹಾರಿಸಿದ್ರೆ ಎಲ್ಲಿ ಬೀಳ್ತೈತೆ ಅಂತ. ಈಗ್ಲೂ ಮಾಡ್ತೀರಾ?"

"ಮಾಡ್ತೀನಪ್ಪ, ಯಾಕೆ?"

"ಏನಿಲ್ಲ, ಸುಮ್ನೆ. ಅದೊಂದು ಇವತ್ತಿನ ತನಕ ಉಪಯೋಗಕ್ಕೆ ಬರ್ಲಿಲ್ಲ ನೋಡ್ರಿ."

ನನಗೆ ಚುರ್ ಅಂತು. ಬಾಣಲೆ ತೋರಿಸಿ ಹೇಳಿದೆ, "ಬಿಸಿ ಮರಳಿನಾಗಿಂದ ಮಂಡಕ್ಕಿ ಸಿಡಿದು ಹಾರ್ತೈತಲ್ಲೋ, ಅದೂ ಪ್ರೊಜೆಕ್ಟೈಲೇ. ಕೋನ ಮತ್ತೆ ವೇಗ ಗೊತ್ತಿದ್ರೆ ಎಲ್ಲಿ ಬೀಳ್ತೈತೆ ಅಂತ ಹೇಳಬಹುದು."

ಅವನು ಭಟ್ಟಿ ಮುಂದೆ ಕೂತ ಅಜ್ಜಿಯ ಕಡೆ ಕೈ ಮಾಡಿದ. "ಆ ಅಜ್ಜಿ ಶಾಲೆ ಮೆಟ್ಲು ಹತ್ತಿಲ್ಲ ಸರ್. ಆದ್ರೆ ಬುಟ್ಟಿ ಎಲ್ಲಿ ಇಟ್ಟಾಳೆ ನೋಡ್ರಿ."

ಸಿಡಿದ ಮಂಡಕ್ಕಿ ಒಂದೊಂದೂ ಬುಟ್ಟಿಗೇ ಬೀಳುತ್ತಿತ್ತು. ಚಾ ಅಲ್ಲೇ ಬಿಟ್ಟು ಬಂದೆ. ಸಿಟ್ಟಿನಲ್ಲಿ ಮಂಡಕ್ಕಿನೂ ಅಲ್ಲೇ ಬಿಟ್ಟಿದ್ದು ಮನೆ ಬಾಗಿಲಲ್ಲಿ ನೆನಪಾಯ್ತು.

ಪ್ರಶ್ನೆ ಪೂರ್ತಿ ಓದಿ

ಆ ಸಂಜೆ ಮುಖ ಊದಿಸಿಕೊಂಡು ಕೂತಿದ್ದಾಗ ಮಗಳು ಮೊಬೈಲಿನಲ್ಲಿ ಒಂದು ಆಟ ತೋರಿಸಿದಳು. ಜಿಯೋಕ್ಯಾಶಿಂಗ್ ಅಂತ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಬೇಕು. ಸಿಕ್ಕಿದರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಡಬ್ಬಿಯೊಳಗಿನ ಸಾಮಾನು ಒಂದು ತಗೊಂಡರೆ ಇನ್ನೊಂದು ಇಡಬೇಕು, ಡಬ್ಬಿ ಮಾತ್ರ ಅಲ್ಲೇ ಇರಬೇಕು.

"ಕೆಲವರು ಜಾಗ ನೇರ ಹೇಳಲ್ಲಪ್ಪ, ಒಂದು ಒಗಟು ಕೊಡ್ತಾರೆ. ಬಿಡಿಸಿದೋರಿಗೆ ಮಾತ್ರ ಜಾಗ ಗೊತ್ತಾಗ್ತೈತೆ" ಅಂದಳು.

ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದು ಕಲ್ಲಿನ ಗುರುತು ಕೊಡುವುದು. ಅಲ್ಲಿಂದ ಒಂದು ಚೆಂಡು ಇಷ್ಟು ವೇಗದಲ್ಲಿ, ಇಷ್ಟು ಕೋನದಲ್ಲಿ ಹಾರಿದರೆ ಎಲ್ಲಿ ಬೀಳುತ್ತದೋ ಅಲ್ಲಿ ಡಬ್ಬಿ! ಪಾಠ ಬಂದವನಿಗೆ ಸಿಗುತ್ತದೆ, ಬರದವನಿಗೆ ಮುಳ್ಳು ಸಿಗುತ್ತದೆ. ಪ್ರೊಜೆಕ್ಟೈಲು ಉಪಯೋಗಕ್ಕೆ ಬಂತೋ ಇಲ್ಲವೋ, ಆಗ ಮಾತಾಡಲಿ ಭಟ್ಟಿ ಸಾಹುಕಾರ.

ಮಗಳು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಕೋತಿ ಕಚ್ಚಿಬಿಡುತ್ತೆ, ಸ್ಟೀಲಿನದೇ ಆಗಬೇಕು ಅಂದೆ. ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ಅಟ್ಟದ ಮೇಲೆ ಕೈಯಾಡಿಸಿದೆ. ಇದ್ದ ಹತ್ತು ಡಬ್ಬಿಯಲ್ಲಿ ಮುಚ್ಚಳ ಬಿಗಿ ಇದ್ದದ್ದು ಒಂದೇ. ಅದರ ಅಡಿಯಲ್ಲಿ ಏನೋ ಅಕ್ಷರ ಹೊಡೆಸಿತ್ತು. ಇಪ್ಪತ್ನಾಲ್ಕು ವರ್ಷದಿಂದ ಮಕ್ಕಳಿಗೆ "ಪ್ರಶ್ನೆ ಪೂರ್ತಿ ಓದ್ರೋ, ಆಮೇಲೆ ಉತ್ತರ ಬರೀರೋ" ಅಂತ ಬಡಕೊಂಡವನು ನಾನು. ಡಬ್ಬಿ ಅಡಿ ಓದಲಿಲ್ಲ.

ಚೆಂಡು ಎಲ್ಲೈತೆ?

ಜಾಗಕ್ಕೆ ಕೊಂಡಜ್ಜಿ ಕೆರೆ ಆರಿಸಿದೆ. ಹರಿಹರದ ಹತ್ತಿರ, ಭಾನುವಾರ ಜನ ಬರುತ್ತಾರೆ, ಆದರೆ ಏರಿಯ ಕೆಳಗಿನ ಬಯಲಿಗೆ ಯಾರೂ ಇಳಿಯುವುದಿಲ್ಲ. ಅಲ್ಲಿ ಕೂರೋಕೆ ಅಂತಲೇ ಮಾಡಿದ ಹಾಗೆ ಒಂದು ಚಪ್ಪಟೆ ಕಲ್ಲು. ಲೆಕ್ಕ ಮನೆಯಲ್ಲೇ ಮಾಡಿದ್ದೆ: ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗ, ನಲವತ್ತೈದು ಡಿಗ್ರಿ ಕೋನ, ನೇರ ಪಡುವಣಕ್ಕೆ. ಚೆಂಡು ಬೀಳಬೇಕಾದ್ದು ನಲವತ್ತು ಮೀಟರ್ ದೂರದಲ್ಲಿ. ನನ್ನ ಹೆಜ್ಜೆ ಎಂಬತ್ತು ಸೆಂಟಿಮೀಟರ್, ಅಲ್ಲಿಗೆ ಐವತ್ತು ಹೆಜ್ಜೆ. ಕಲ್ಲಿನ ಮೇಲೆ ಕೋನಮಾಪಕ ಇಟ್ಟು ಒಂದು ಕಣ್ಣು ಮುಚ್ಚಿ ದಿಕ್ಕು ನೋಡಿದೆ, ಜೋರಾಗಿ ಎಣಿಸುತ್ತ ನಡೆದೆ, ಮತ್ತೆ ಬಂದೆ, ಮತ್ತೆ ನಡೆದೆ.

ತಲೆ ಎತ್ತಿದರೆ ಎದುರಿಗೆ ಒಬ್ಬ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಹಿಂದೆ ಹತ್ತಿಪ್ಪತ್ತು ಆಡು, ಹೆಗಲ ಮೇಲೆ ಕವಣೆ.

"ಸರ್ವೆ ಮಾಡೋರಾ?"

"ಅಲ್ಲಮ್ಮ."

"ರೋಡು ಬರ್ತೈತಾ ಇಲ್ಲಿ?"

"ಇಲ್ಲ."

"ಮತ್ತೇನು ಅಳೀತೀರಿ?"

ಮೇಷ್ಟ್ರು ಸುಳ್ಳು ಹೇಳಬಾರದು ಅಂತ ನಿಜ ಹೇಳಿದೆ. "ಈ ಕಲ್ಲಿನಿಂದ ಚೆಂಡು ಹಾರಿದ್ರೆ ಎಲ್ಲಿ ಬೀಳ್ತೈತೆ ಅಂತ ನೋಡ್ತಿದೀನಿ."

"ಚೆಂಡು ಎಲ್ಲೈತೆ?"

"ಚೆಂಡು ಇಲ್ಲ."

"ಹಾರ್ಸೋರು?"

"ಯಾರೂ ಇಲ್ಲ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಕೋನಮಾಪಕ ನೋಡಿದಳು. ದನಿ ಮೆತ್ತಗೆ ಮಾಡಿ ಕೇಳಿದಳು: "ಒಬ್ರೇ ಬಂದೀರಾ ಯಪ್ಪಾ? ನೀವು ಹೊರಗೆ ಬಂದಿರೋದು ಮನೇರಿಗೆ ಗೊತ್ತೈತಾ?"

ಲೆಕ್ಕಕ್ಕಿಲ್ಲದವರು

ಅವಳು ಆಡು ಹೊಡೆಕೊಂಡು ಆಚೆ ಹೋದ ಮೇಲೆ ಒಂದು ಜಾಲಿ ಮರದ ಬುಡದಲ್ಲಿ ಡಬ್ಬಿ ಇಟ್ಟು, ಮೇಲೆ ನಾಲ್ಕು ಕಲ್ಲು, ಒಂದಿಷ್ಟು ಮಣ್ಣು ಮುಚ್ಚಿ ಬಂದೆ. ಒಳಗೆ ಒಂದು ನೋಟ್ ಬುಕ್ಕು, ಅದರ ಮೊದಲ ಪುಟದಲ್ಲಿ ಥೀಟಾ ಹಾಕಿ ನಾನೇ ಬರೆದ ಲೆಕ್ಕ, ಚೆಂಡು ಹಾರುವ ಚಿತ್ರ, ಒಂದು ಪೆನ್ಸಿಲ್ಲು, ಬಹುಮಾನ ಅಂತ ಒಂದು ಹೊಸ ಕೋನಮಾಪಕ. ಒಗಟನ್ನು ಮಗಳು ಇಂಟರ್ನೆಟ್ಟಿಗೆ ಏರಿಸಿದಳು. ಸೋಮವಾರ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ನಮ್ಮ ಮ್ಯಾಥ್ಸ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದರು:

"ಗಾಳಿ ಅಡ್ಡಿ ಮಾಡ್ತೈತಲ್ಲ ಸರ್, ಅದು?"

"ಲೆಕ್ಕಕ್ಕಿಲ್ಲ."

"ಚೆಂಡಿನ ತೂಕ?"

"ಲೆಕ್ಕಕ್ಕಿಲ್ಲ."

"ಫಿಸಿಕ್ಸ್ ಓದ್ದೇ ಇರೋ ಜನ?"

"ಅವರೂ ಲೆಕ್ಕಕ್ಕಿಲ್ಲ."

"ಹಂಗಾದ್ರೆ ಹುಡುಕೋಕೆ ನಾನೊಬ್ಬನೇ ಉಳಿದೆ ಬಿಡ್ರಿ" ಅಂದರು.

ನಿಜವಾಗಿಯೂ ಹೋದರು ಪಾಪ, ಮುಂದಿನ ಭಾನುವಾರ, ಇಪ್ಪತ್ತು ಮೀಟರಿನ ಟೇಪು ತಗೊಂಡು. ಮರುದಿನ ಬಂದಾಗ ಎರಡೂ ಕೈಗೆ ಬ್ಯಾಂಡೇಜ್ ಪಟ್ಟಿ.

"ಸಿಗ್ಲಿಲ್ಲ ಸರ್. ಮೂರು ಸಾರಿ ಲೆಕ್ಕ ಮಾಡಿದೆ. ನಲವತ್ತು ಮೀಟರ್ ಎಂಬತ್ತೆರಡು ಸೆಂಟಿಮೀಟರ್."

"ನಲವತ್ತೇ ರೀ! ಎಂಬತ್ತೆರಡು ಎಲ್ಲಿಂದ ಬಂತು?"

"ಗುರುತ್ವ ಎಷ್ಟು ಹಿಡಿದ್ರಿ?"

"ಹತ್ತು."

"ಪುಸ್ತಕದಾಗೆ ಒಂಬತ್ತು ಪಾಯಿಂಟ್ ಎಂಟು ಐತೆ."

"ಮಕ್ಕಳಿಗೆ ಸುಲಭ ಆಗ್ಲಿ ಅಂತ ನಾನು ಯಾವಾಗ್ಲೂ ಹತ್ತು ಅಂತ್ಲೇ..."

"ಅಲ್ಲಿ ಮಕ್ಕಳು ಇರ್ಲಿಲ್ಲ ಸರ್. ನಾನಿದ್ದೆ, ಮುಳ್ಳಿತ್ತು."

ಸೋಲೊಪ್ಪಲು ಮನಸ್ಸಾಗಲಿಲ್ಲ. ಎಂಬತ್ತೆರಡು ಸೆಂಟಿಮೀಟರ್ ಅಂದರೆ ಎಷ್ಟು, ಅಕ್ಕಪಕ್ಕ ಒಂಚೂರು ನೋಡಿದ್ದರೆ ಸಿಗುತ್ತಿತ್ತು ಅಂದೆ. ಅವರಿಗೆ ರೇಗಿತು. "ಉತ್ತರ ಕರೆಕ್ಟಾಗಿ ಬಂದ್ಮೇಲೆ ಅಕ್ಕಪಕ್ಕ ಯಾಕ ನೋಡ್ಬೇಕು? ಅಕ್ಕಪಕ್ಕ ನೋಡೋರು ಕಾಪಿ ಹೊಡೆಯೋರು! ಅದಿರ್ಲಿ, ನೀವು ಅಳೆದದ್ದು ಟೇಪಿನಾಗಾ?"

"ಹೆಜ್ಜೆಯಾಗೆ. ಎಂಬತ್ತು ಸೆಂಟಿಮೀಟರ್ ಹೆಜ್ಜೆ."

ತಕ್ಷಣ ನನ್ನನ್ನು ವರಾಂಡದಲ್ಲಿ ನಡೆಸಿ ಟೇಪು ಹಿಡಿದರು. ಅರವತ್ತೆಂಟು. ಎಂಬತ್ತು ಇದ್ದದ್ದು ಎನ್‌ಸಿಸಿಯಲ್ಲಿದ್ದಾಗ. ಆಮೇಲೆ ಹೊಟ್ಟೆ ಮುಂದೆ ಬಂತು, ಹೆಜ್ಜೆ ಹಿಂದೆ ಉಳಿಯಿತು. ಅಂದರೆ ಡಬ್ಬಿ ಇರುವುದು ಒಗಟು ಹೇಳಿದ ಜಾಗಕ್ಕಿಂತ ಸುಮಾರು ಏಳು ಮೀಟರ್ ಈಚೆಗೆ. "ಗಾಳಿ ಅಡ್ಡಿ ಲೆಕ್ಕಕ್ಕಿಲ್ಲ ಅಂದ್ರಲ್ಲ, ಹೊಟ್ಟೆ ಅಡ್ಡಿನಾದ್ರೂ ಹಿಡೀಬೇಕಿತ್ತು" ಅಂದರು ಮ್ಯಾಥ್ಸ್ ಮೇಷ್ಟ್ರು.

ಊರ ಪಾತ್ರೆಗಳೆಲ್ಲ ಬಂದವು

ಅದೇ ಸಂಜೆ ಹೆಂಡತಿ ಅಟ್ಟದ ಕೆಳಗೆ ಸ್ಟೂಲಿನ ಮೇಲೆ ನಿಂತಿದ್ದಳು. "ರೀ, ಅಮ್ಮನ ಡಬ್ಬಿ ಕಾಣವಲ್ದು. ನೋಡಿದ್ರೇನು?"

"ಯಾವ ಅಮ್ಮನ ಡಬ್ಬಿ?"

"ನಮ್ಮವ್ವ ಕೊಟ್ಟಿದ್ದು! ಅಡಿಗೆ ಹೆಸರು ಹೊಡೆಸಿದ್ದು!"

ನಾನು ಕೊಂಡಜ್ಜಿಯಲ್ಲಿ ಹೂತು ಬಂದದ್ದು ಅದನ್ನೇ. ಆ ಡಬ್ಬಿಯ ಕಥೆ ಇಷ್ಟು. ಮದುವೆಯಾಗಿ ಮೊದಲ ಪಂಚಮಿಗೆ ಹರಿಹರದ ನಮ್ಮ ಅತ್ತೆ ಅದರ ತುಂಬ ಶೇಂಗಾ ಉಂಡಿ ಕೊಟ್ಟು ಮಗಳನ್ನು ಕಳಿಸಿದ್ದರು. ಅಡಿಯಲ್ಲಿ ಅವರ ಹೆಸರು, ಓಣಿ, ಹರಿಹರ ಅಂತ ಹೊಡೆಸಿದೆ. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಮಾಡಬಾರದಲ್ಲ, ಮುಂದಿನ ಪಂಚಮಿಗೆ ಇವಳು ಎಳ್ಳುಂಡಿ ತುಂಬಿಕೊಂಡು ತವರಿಗೆ ಹೋದಳು. ಅವರು ಮತ್ತೆ ಶೇಂಗಾ ಉಂಡಿ ತುಂಬಿ ಕೊಟ್ಟರು. ಹಾಗೆ ಇಪ್ಪತ್ತೆರಡು ವರ್ಷ, ಒಂದು ವರ್ಷವೂ ತಪ್ಪದೆ, ಆ ಡಬ್ಬಿ ದಾವಣಗೆರೆ-ಹರಿಹರ ಓಡಾಡಿದೆ. ಬಾಣಂತನದ ವರ್ಷ ಸಹ ತಪ್ಪಿಲ್ಲ. ನಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ, ಆದರೂ ಗುರುತು ಹತ್ತಲಿಲ್ಲ ನೋಡಿ!

ಹೇಳಿಬಿಡಬೇಕಿತ್ತು. ಧೈರ್ಯ ಬರಲಿಲ್ಲ. "ಯಾರಿಗಾದ್ರೂ ಏನಾದ್ರೂ ಹಾಕಿ ಕೊಟ್ಟಿರ್ಬೇಕು, ನೆನಪು ಮಾಡ್ಕೋ" ಅಂದೆ.

ಅಂದದ್ದೇ ತಡ, ಇವಳು ಬೀದಿಗೆ ಇಳಿದಳು. ನಾವಿರುವುದು ಆವರಗೆರೆ ಕಡೆಯ ಹೊಸ ಬಡಾವಣೆ. ಎಲ್ಲ ಮನೆಗೂ ಎಲ್ಲ ಮನೆಯಿಂದ ಏನಾದರೊಂದು ಹೋಗುತ್ತಿರುತ್ತದೆ. "ನಮ್ಮ ಡಬ್ಬಿ ನಿಮ್ಮನ್ಯಾಗೆ ಉಳಿದೈತಾ?" ಅಂತ ಕೇಳಿದ ತಕ್ಷಣ ಒಬ್ಬೊಬ್ಬರೂ ನಾಲಿಗೆ ಕಚ್ಚಿಕೊಂಡು ಒಳಗೆ ಹೋಗಿ ಏನಾದರೊಂದು ತಂದರು. ಎರಡು ದಿನದಲ್ಲಿ ಒಂಬತ್ತು ಪಾತ್ರೆ ಬಂದವು. ಖಾಲಿ ಕೊಡಬಾರದಲ್ಲ, ಒಂದರಲ್ಲಿ ಅವಲಕ್ಕಿ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಮಾವಿನ ಉಪ್ಪಿನಕಾಯಿ. ಅಮ್ಮನ ಡಬ್ಬಿ ಮಾತ್ರ ಇರಲಿಲ್ಲ. ಒಂಬತ್ತರಲ್ಲಿ ಐದು ನಮ್ಮವು, ಅವು ಕಳೆದಿದ್ದೇ ನಮಗೆ ಗೊತ್ತಿರಲಿಲ್ಲ. ಉಳಿದ ನಾಲ್ಕು ನಮ್ಮವೇ ಅಲ್ಲ. ಒಂದರ ಅಡಿಯಲ್ಲಿ ಮಾಯಕೊಂಡದ ಯಾರದೋ ಗೃಹಪ್ರವೇಶ. ಅವುಗಳನ್ನು ಅವರವರಿಗೆ ಮುಟ್ಟಿಸುವ ಕೆಲಸ ನನಗೆ ಬಿತ್ತು, ಅದೂ ತುಂಬಿಸಿ.

ಸುಳ್ಳಿಗೆ ಬಿದ್ದ ದಂಡ

ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಕೊಂಡಜ್ಜಿಗೆ ಹೋದೆ. ಉತ್ತರ ಗೊತ್ತಿರುವವನು ಪ್ರಪಂಚದಲ್ಲಿ ನಾನೊಬ್ಬನೇ, ಸಿಗದೆ ಎಲ್ಲಿ ಹೋಗುತ್ತೆ? ಕಲ್ಲಿನಿಂದ ಐವತ್ತು ಹೆಜ್ಜೆ ಹಾಕಿದೆ. ಮಳೆ ಬಿದ್ದು ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಹೋದ ಸಲ ಒಂದೇ ಇದ್ದ ಜಾಲಿ ಮರ ಈಗ ನನ್ನ ಕಣ್ಣಿಗೆ ಏಳು ಕಂಡವು. ಕೊನೆಗೆ ಒಂದರ ಬುಡದಲ್ಲಿ ನನ್ನ ನಾಲ್ಕು ಕಲ್ಲು ಸಿಕ್ಕವು, ಚೆಲ್ಲಾಪಿಲ್ಲಿ. ನಡುವೆ ಗುಂಡಗಿನ ಗುಳಿ. ಡಬ್ಬಿ ಇಲ್ಲ.

ನಾಯಿ ಕೆದರಿದ ಹಾಗೆ ಎರಡೂ ಕೈಯಲ್ಲಿ ಮಣ್ಣು ಕೆದರಿದೆ. ಹಿಂದಿನಿಂದ ದನಿ ಬಂತು:

"ಏನು ಹುಡುಕ್ತೀರಿ?"

ಅದೇ ಆಡಿನ ಹೆಂಗಸು. ಕಲ್ಲಿನ ಮೇಲೆ ಕೂತಿದ್ದಳು, ಕವಣೆ ತೊಡೆಯ ಮೇಲೆ. ಡಬ್ಬಿ ಅನ್ನೋಕೆ ಬಾಯಿ ತೆರೆದೆ. ಐವತ್ತು ದಾಟಿದ ಲೆಕ್ಚರರು, ಹೆಂಡತಿಯ ತವರಿನ ಡಬ್ಬಿ ತಂದು ಮುಳ್ಳಿನ ಬುಡದಲ್ಲಿ ಹೂತಿಟ್ಟು ಕಳಕೊಂಡೆ ಅಂತ ಯಾವ ಬಾಯಲ್ಲಿ ಹೇಳುವುದು?

"ಚೆಂಡು" ಅಂದೆ.

"ಹೋದ ಸಾರಿ ಚೆಂಡೇ ಇಲ್ಲ ಅಂದ್ರಿ?"

"ಈಗ ಐತೆ. ಅಂದ್ರೆ... ಕಳೆದೈತೆ."

"ಬರೇ ಚೆಂಡೇ? ಬ್ಯಾರೆ ಏನೂ ಕಳ್ಕೊಂಡಿಲ್ವಾ?"

"ಏನೂ ಇಲ್ಲ" ಅಂದೆ, ಬಹಳ ಠೀವಿಯಿಂದ.

ಅವಳು ಕಣ್ಣು ಸಣ್ಣ ಮಾಡಿ ನೋಡಿದಳು. ನಾನು ಬೈಕ್ ಹತ್ತಿದೆ. ಆಗ ನಿಜ ಒದರಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಒಂದು ಗೆರೆ ಬಿದ್ದಿಲ್ಲ

ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು. ವಿಚಿತ್ರ ಅಂದರೆ, ಒಂದು ವಾರ ಕಳೆಯುವುದರೊಳಗೆ ಹೆಂಡತಿ ಡಬ್ಬಿ ಮಾತು ಎತ್ತುವುದನ್ನೇ ಬಿಟ್ಟಳು. ನನ್ನ ಪುಣ್ಯ, ಮರೆತಳು ಅಂದುಕೊಂಡೆ. ಆದರೆ ಪಂಚಮಿ ಬಂದರೆ ನೆನಪಾಗದೇ ಇರುತ್ತಾ? ಪಾತ್ರೆ ಅಂಗಡಿಗೆ ಹೋಗಿ ಅದೇ ಅಳತೆಯ ಒಂದು ಡಬ್ಬಿ ತಗೊಂಡೆ. ಹೆಸರು ಹೊಡೆಯುವವನ ಕೈಗೆ ಚೀಟಿ ಕೊಟ್ಟೆ: ಅತ್ತೆಯ ಹೆಸರು, ಓಣಿ, ಹರಿಹರ. ಅವನ ಮಷಿನ್ನು ಗರ್ರ್ ಅನ್ನುವಾಗ ಆಕಡೆ ಈಕಡೆ ಪರಿಚಯದವರು ಯಾರಾದರೂ ಇದ್ದಾರಾ ಅಂತ ನೋಡುವುದರಲ್ಲೇ ನಾನಿದ್ದೆ.

"ಯಾವ ಕಾರ್ಯಕ್ರಮ ಸಾರ್?"

"ಪಂಚಮಿ" ಅಂದೆ ಅವಸರದಲ್ಲಿ.

ಮನೆಗೆ ತಂದು, ಅಟ್ಟದ ಮೂಲೆಯಲ್ಲಿಟ್ಟು, ಹತ್ತು ನಿಮಿಷ ಬಿಟ್ಟು "ಸಿಕ್ತು! ಇಲ್ಲೇ ಐತಲ್ಲೇ!" ಅಂತ ಕೂಗಿದೆ. ಇವಳು ಬಂದಳು, ಡಬ್ಬಿ ತಿರುಗಿಸಿ ಅಡಿ ಓದಿದಳು. ನಾನೂ ಬಗ್ಗಿ ಓದಿದೆ. ರೂಢಿ ತಪ್ಪಬಾರದು ಅಂತ ಆ ಪುಣ್ಯಾತ್ಮ ಹರಿಹರದ ಕೆಳಗೆ "ನಾಗರ ಪಂಚಮಿ" ಅಂತ ಸೇರಿಸಿ, ಪಕ್ಕದಲ್ಲಿ ಈ ವರ್ಷದ ಇಸವಿಯನ್ನೂ ಹೊಡೆದಿದ್ದ.

ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ರೂಮಿಗೆ ಓಡಿದಳು. ಹೆಂಡತಿ ಮಾತ್ರ ಡಬ್ಬಿಯನ್ನು ಬೆಳಕಿಗೆ ಹಿಡಿದು, ಸೆರಗಿನಿಂದ ಒರೆಸಿ, ಶಾಂತವಾಗಿ ಹೇಳಿದಳು:

"ಹೌದು ಬಿಡ್ರಿ, ಇದೇ. ಇಪ್ಪತ್ತೆರಡು ವರ್ಷ ಆತು, ಒಂದು ಗೆರೆ ಬಿದ್ದಿಲ್ಲ ನೋಡ್ರಿ. ಅವ್ವ ಕೊಟ್ಟ ಸಾಮಾನು ಅಂದ್ರೆ ಹಂಗೆ."

ಕಳ್ಳ ಸಿಕ್ಕ

ಪಂಚಮಿಗೆ ಹರಿಹರಕ್ಕೆ ಹೋದೆವು. ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೇ. ಅತ್ತೆ ನಮ್ಮನ್ನು ಕೂಡಿಸಿ, ನೀರು ಕೊಟ್ಟು, ಡಬ್ಬಿ ತಗೊಂಡು ಒಳಗೆ ಹೋದರು. ಬರುವಾಗ ಕೈಯಲ್ಲಿ ಎರಡು ಡಬ್ಬಿ. ಎರಡನ್ನೂ ನನ್ನ ಮುಂದೆ ಅಕ್ಕಪಕ್ಕ ಇಟ್ಟರು. ಒಂದು ಫಳಫಳ. ಇನ್ನೊಂದು ಹಳೇದು, ಮುಚ್ಚಳದ ನಡುವೆ ಸರಿಯಾಗಿ ಒಂದು ನೆಗ್ಗು.

"ಅಳಿಯಂದ್ರೇ, ಒಂದು ಕಥೆ ಹೇಳ್ತೀನಿ ಕೇಳ್ರಿ" ಅಂತ ಅತ್ತೆ ಚಾಪೆ ಮೇಲೆ ಕೂತರು. "ಕೊಂಡಜ್ಜಿ ಕಡೆಯಿಂದ ಆಡು ಕಾಯೋ ಯಮ್ಮ ಒಬ್ಬಾಕಿ ಸಂತೆಗೆ ಬಂದಾಕಿ, ನನ್ನ ಹೆಸರು ಕೇಳ್ಕೊಂಡು ಓಣಿ ಓಣಿ ತಿರುಗಿ ಇಲ್ಲಿಗೆ ಬಂದ್ಲು. ಆಡು ಯಾರದೋ ಹೊಲಕ್ಕೆ ನುಗ್ಗೋಕೆ ಹೊಂಟಿತ್ತಂತೆ. ತಿರುಗಿಸ್ಬೇಕಲ್ಲ, ಕಲ್ಲಿನ ಮೇಲೆ ಕೂತಲ್ಲಿಂದಾನೇ ಅದರ ಮುಂದೆ ಬೀಳೋಹಂಗೆ ಕವಣೆ ಬೀಸ್ಯಾಳೆ. ಜಾಲಿ ಬುಡದಾಗೆ ಠಣ್ ಅಂತಂತೆ! ಹೋಗಿ ನೋಡಿದ್ರೆ, ಮಳೆಗೆ ಮಣ್ಣು ಸರಿದು ಈ ಡಬ್ಬಿ ಹಣಿಕಿ ಹಾಕಿತ್ತು."

ನಾನು ಎಲ್ಲ ಮರೆತೆ. "ಯಾವ ಕಲ್ಲು? ಏರಿ ಕೆಳಗಿನ ಚಪ್ಪಟೆ ಕಲ್ಲಾ? ಎಷ್ಟು ಡಿಗ್ರಿಯಾಗೆ ಬೀಸಿದ್ಲಂತೆ?"

"ಪೂರ್ತಿ ಕೇಳ್ರಿ. ಒಳಗೆ ಒಂದು ಪುಸ್ತಕ, ಅದರಾಗೆ ಸುತ್ತು, ಸುತ್ತಿನ ನಡುವೆ ಗೆರೆ, ಬಿಲ್ಲು ಬಗ್ಗಿಸಿದಂಗೆ ಚಿತ್ರ. ಜೊತೆಗೆ ಅರ್ಧಚಂದ್ರದಂಥ ಒಂದು 'ಯಂತ್ರ', ಸುತ್ತ ಅಂಕಿ. ಯಾರೋ ಮಾಟ ಮಾಡ್ಸ್ಯಾರೆ ಅಂತ ಆಕಿ ಬೇವಿನ ಸೊಪ್ಪು ಸುತ್ತಿಕೊಂಡು ತಂದಿದ್ಲು. ಕಳ್ಳನ್ನ ಕಣ್ಣಾರೆ ನೋಡ್ಯಾಳಂತೆ. ಹೊಟ್ಟೆ ಇರೋನು, ಕನ್ನಡಕ, ಒಂದು ಕಣ್ಣು ಮುಚ್ಚಿ ನೋಡೋನು. ಎರಡನೇ ಸಾರಿ ಕದ್ದ ಮಾಲು ಹುಡುಕ್ಕೊಂಡು ಬಂದಿದ್ನಂತೆ. ಕೇಳಿದ್ರೆ ಚೆಂಡು ಅಂದ್ನಂತೆ."

ನನ್ನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. "ಅತ್ತೆ, ಆ ಕಳ್ಳ..."

"ಗೊತ್ತೈತ್ರಿ. ಪುಸ್ತಕದಾಗಿನ ಅಕ್ಷರ ನೋಡಿದ ಕೂಡ್ಲೆ ಗುರುತು ಹತ್ತಿತು. ಅವತ್ತೇ ಇವಳಿಗೆ ಫೋನ್ ಮಾಡಿದೆ."

ಹೆಂಡತಿಯ ಕಡೆ ತಿರುಗಿದೆ. ಎಂಟು ದಿನದಿಂದ ಎಲ್ಲ ಗೊತ್ತಿದ್ದೂ ನಾನು ಪಾತ್ರೆ ಅಂಗಡಿಗೆ ಹೋಗೋದನ್ನ, ಅಟ್ಟ ಹತ್ತೋದನ್ನ, "ಸಿಕ್ತು" ಅಂತ ಕೂಗೋದನ್ನ ನೋಡಿಕೊಂಡು ಕೂತಿದ್ದಳು ಮಹಾತಾಯಿ! ಅವಳು ಹಳೇ ಡಬ್ಬಿಯ ನೆಗ್ಗಿನ ಮೇಲೆ ಬೆರಳಾಡಿಸುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?" ಅಂದಳು. ನನಗೆ ನಿಜಕ್ಕೂ ನಾಚಿಕೆಯಾಯ್ತು. ತಪ್ಪಾಯ್ತು ಅಂದೆ. ಎರಡೂ ಕಿವಿ ಹಿಡಕೊಂಡೇ ಅಂದೆ, ಅತ್ತೆ ಎದುರಿಗೇ.

ಅತ್ತೆ ಎರಡೂ ಡಬ್ಬಿಗೆ ಶೇಂಗಾ ಉಂಡಿ ತುಂಬಿದರು. ಹಳೇದು ಮಗಳಿಗೆ. "ಹೊಸದನ್ನ ಆ ಯಮ್ಮನಿಗೆ ಕೊಟ್ಟು ಬರ್ರಿ. ಬಂದೋಳು ಬರೇ ಚಾ ಕುಡ್ದು ಹೋದ್ಲು" ಅಂದರು.

ಮರುದಿನವೇ ಹೋದೆ. ಅದೇ ಕಲ್ಲಿನ ಮೇಲೆ ಕೂತಿದ್ದಳು. ಈ ಸಲ ಒಂದು ಸುಳ್ಳೂ ಹೇಳಲಿಲ್ಲ. ಆಟ ಎಂಥದ್ದು, ಒಗಟು ಎಂಥದ್ದು, ನಲವತ್ತೈದು ಡಿಗ್ರಿ, ಇಪ್ಪತ್ತು ಮೀಟರ್ ವೇಗ, ಗುರುತ್ವ ಹತ್ತಲ್ಲ ಒಂಬತ್ತು ಪಾಯಿಂಟ್ ಎಂಟು, ನನ್ನ ಹೆಜ್ಜೆಯ ತಪ್ಪು, ಎಲ್ಲವನ್ನೂ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದೆ. ಒಂದು ಕಡೆಯೂ ಆಕಳಿಸಲಿಲ್ಲ ಆಕೆ. ಪ್ರತಿ ಮಾತಿಗೂ "ಹೂಂ, ಹೂಂ" ಅಂತ ತಲೆದೂಗಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಇಂಥ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ. ಕಣ್ಣು ಒರೆಸಿಕೊಂಡೆ. ಉಂಡಿ ಡಬ್ಬಿ ಕೈಗಿಟ್ಟು, ಕೈ ಮುಗಿದು, ಗೆದ್ದವನ ಹಾಗೆ ಬೈಕ್ ಹತ್ತಿದೆ. ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ನಾನೇ ಬರೆದೆ: ಒಗಟು ಬಿಡಿಸಿದ ಮೊದಲಿಗರು ಕೊಂಡಜ್ಜಿಯ ಒಬ್ಬ ತಾಯಿ, ವಿಧಾನ ಕವಣೆ, ಗಾಳಿಯ ಅಡ್ಡಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಸ್ಟಾಫ್ ರೂಮಿನಲ್ಲೂ ಎದೆ ಉಬ್ಬಿಸಿ ಹೇಳಿದೆ. "ನನ್ನ ಪಾಠ ಒಬ್ಬರಿಗಾದ್ರೂ ಅರ್ಥ ಆತು ಸರ್!"

ಆ ವಾರದ ಸಂತೆಯ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. ಹೆಂಡತಿ ಸ್ಪೀಕರಿಗೆ ಹಾಕಿದಳು. ಅತ್ತೆಗೆ ನಗು ತಡೆದು ಮಾತಾಡೋಕೇ ಆಗುತ್ತಿರಲಿಲ್ಲ.

"ಆ ಯಮ್ಮ ಮತ್ತೆ ಬಂದಿದ್ಲು ಕಣೇ. ಹೊಸ ಡಬ್ಬಿ ತಂದುಕೊಟ್ಟು ಹೋದ್ಲು. ಅಡಿಗೆ ನನ್ನ ಹೆಸರು ಐತಲ್ಲ! ಖಾಲಿ ಕೊಡಬಾರ್ದು ಅಂತ ತುಂಬ ಅವರೆಕಾಳು ಹಾಕ್ಯಾಳೆ. ಹೋಗುವಾಗ ನನ್ನ ಕೈ ಹಿಡ್ಕೊಂಡು ಏನಂದ್ಲು ಗೊತ್ತಾ? 'ಯಮ್ಮಾ, ಆ ಕಳ್ಳ ಬಂದಿದ್ದ. ನಿಮ್ಮನೇದು ಇನ್ನೊಂದು ಡಬ್ಬಿನೂ ಕದ್ದಿದ್ನಂತೆ, ತಾನಾಗೇ ತಂದು ಕೊಟ್ಟ. ಅರ್ಧ ತಾಸು ನೆಲದ ಮ್ಯಾಲೆ ಗೆರೆ ಎಳೆದು ಎಳೆದು ತಪ್ಪು ಒಪ್ಕೊಂಡ, ಪಾಪ, ಕಣ್ಣಾಗೆ ನೀರು ಬಂದಿದ್ವು. ಮನುಷ್ಯ ಸುಧಾರಿಸ್ಯಾನೆ, ಪೊಲೀಸರಿಗೆ ಹೇಳಬ್ಯಾಡ್ರಿ' ಅಂದ್ಲು."